ಸಿನಿಮಾ ತುಂಡು ಮಾಡಿ ಲೆಕ್ಕ ಕಲಿಸಿದ್ದು

ಪುಂಡ ಹುಡುಗರ ಕ್ಲಾಸು, ಹೊಸ ಮೇಷ್ಟ್ರು, ಎರಡು ಗಂಟೆಯಲ್ಲಿ ಎಲ್ಲರೂ ಜಾಣರು. ಇಂಥ ಸಿನಿಮಾ ನನಗೂ ಇಷ್ಟವೇ. ಆದರೆ ನನ್ನ ಒಂಬತ್ತನೇ ತರಗತಿಗೆ ಪೂರ್ತಿ ತೋರಿಸುವುದಿಲ್ಲ, ತುಂಡು ತುಂಡಾಗಿ ತೋರಿಸುತ್ತೇನೆ.

ಜಾಸ್ತಿ ಬಳಸಿದ್ದು 1988ರ 'ಸ್ಟ್ಯಾಂಡ್ ಅಂಡ್ ಡೆಲಿವರ್'. ಪೂರ್ವ ಲಾಸ್ ಏಂಜಲೀಸಿನ ಗಾರ್‌ಫೀಲ್ಡ್ ಹೈಸ್ಕೂಲಿನಲ್ಲಿ ಗಣಿತ ಕಲಿಸಿದ ಹೈಮೆ ಎಸ್ಕಲಾಂಟೆ ಅವರ ಕಥೆ. ಬೊಲಿವಿಯಾದಿಂದ ಬಂದ ಮೇಷ್ಟ್ರು.

ಮಾತೆಲ್ಲ ಇಂಗ್ಲಿಷ್. ಹಾಗಾಗಿ ಟಿವಿಯ ಸದ್ದು ನಿಲ್ಲಿಸಿ ನಾನೇ ಕನ್ನಡದಲ್ಲಿ ಹೇಳುತ್ತೇನೆ. ಮೊದಲು ಬೆರಳಿನ ಮಗ್ಗಿ. ಒಂಬತ್ತು ಮೂರ್ಲ ಎಷ್ಟು? ಹತ್ತೂ ಬೆರಳು ಚಾಚಿ, ಎಡದಿಂದ ಮೂರನೆಯದನ್ನು ಮಡಚಿ. ಅದರ ಎಡಕ್ಕೆ ಎರಡು, ಬಲಕ್ಕೆ ಏಳು. ಇಪ್ಪತ್ತೇಳು! ಹಿಂದಿನ ಬೆಂಚಿನವರು ಟಿವಿ ಬಿಟ್ಟು ಬೆರಳು ನೋಡಿಕೊಳ್ಳುತ್ತಾರೆ. ಅಲ್ಲಿಗೆ ಸಿನಿಮಾ ಬಂದ್. "ಎಂಟರ ಮಗ್ಗಿಗೂ ಹಿಂಗೇ ಬರುತ್ತಾ ಸಾರ್?" ಅಂದ ಒಬ್ಬ. "ನೀನೇ ನೋಡೋ" ಅಂದೆ. ಆ ಪಿರಿಯಡ್ಡು ಅದಕ್ಕೇ ಹೋಯಿತು.

ಇನ್ನೊಂದು ತುಂಡು ಋಣ ಸಂಖ್ಯೆಯದು. ಮರಳಲ್ಲಿ ಗುಂಡಿ ತೋಡಿದರೆ ಗುಂಡಿ ಮೈನಸ್ ಎರಡು, ಹೊರಬಿದ್ದ ಮರಳು ಪ್ಲಸ್ ಎರಡು. ವಾಪಸ್ ತುಂಬಿದರೆ ಸೊನ್ನೆ. ಇದನ್ನು ಟಿವಿಯಲ್ಲಿ ನೋಡಿದರೆ ಸಾಲದು ಅನಿಸಿತು, ಎಲ್ಲರನ್ನೂ ಶಾಲೆಯ ಕೈತೋಟಕ್ಕೆ ಕರೆದುಕೊಂಡು ಹೋದೆ. ಕ್ಲಾಸಲ್ಲಿ ಬಾಯೇ ಬಿಡದ ಹುಡುಗನ ಕೈಗೆ ಸಲಿಕೆ ಕೊಟ್ಟೆ. ಅವರ ಮನೆಯವರು ತೋಟದಲ್ಲಿ ಗುಂಡಿ ತೆಗೆಯುವ ಕೆಲಸಕ್ಕೆ ಹೋಗುತ್ತಾರೆ. ಅವನು ಮಣ್ಣು ವಾಪಸ್ ಹಾಕಿ, "ಗುಡ್ಡೆ ಆಯ್ತಲ್ಲ ಸಾರ್, ಸೊನ್ನೆ ಎಲ್ಲಿ?" ಅಂದ. ತೆಗೆದ ಮಣ್ಣು ಉಬ್ಬುತ್ತದೆ, ಅದು ಅವನಿಗೆ ಗೊತ್ತು. ಎಲ್ಲರೂ ಸೇರಿ ತುಳಿದು ಸೊನ್ನೆ ಮಾಡಿದೆವು. ಅವತ್ತಿನಿಂದ ಅವನು ಕ್ಲಾಸಲ್ಲೂ ನನ್ನ ತಪ್ಪು ಹುಡುಕುತ್ತಾನೆ. ನನಗೆ ಬೇಕಾಗಿದ್ದೂ ಅದೇ.

ಇಂಥ ಸಿನಿಮಾಗಳು ಮುಚ್ಚಿಡುವುದು ಕಾಲವನ್ನು. ಅದಕ್ಕೇ ಬೋರ್ಡಿನ ಮೇಲೆ 1974, 1982 ಅಂತ ಬರೆದು ಕಳೆಯಲು ಹೇಳುತ್ತೇನೆ. ಎಸ್ಕಲಾಂಟೆ ಆ ಶಾಲೆಗೆ ಸೇರಿದ್ದು 1974ರಲ್ಲಿ. ಅವರ 18 ಮಕ್ಕಳು ಕ್ಯಾಲ್ಕುಲಸ್ ಅನ್ನುವ ಕಾಲೇಜು ಮಟ್ಟದ ಗಣಿತದ ಪರೀಕ್ಷೆ ಪಾಸಾಗಿದ್ದು 1982ರಲ್ಲಿ. ಕಾಪಿ ಹೊಡೆದಿದ್ದಾರೆ ಅಂತ 14 ಜನರ ಮೇಲೆ ಅನುಮಾನ ಬಂತು. 12 ಜನ ಮತ್ತೆ ಬರೆದರು, ಎಲ್ಲರೂ ಪಾಸು. ಅದಕ್ಕೂ ಮೊದಲು ಕೆಳಗಿನ ತರಗತಿಗಳಿಂದಲೇ ಬೀಜಗಣಿತ ಗಟ್ಟಿ ಮಾಡಿಸುತ್ತಾ ಬಂದಿದ್ದರು.

"ಎಂಟು ವರ್ಷನಾ? ಅಷ್ಟೊತ್ತಿಗೆ ನಾವು ಇಲ್ಲಿರಲ್ಲ ಸಾರ್" ಅಂತ ನಗುತ್ತಾರೆ. "ಹಂಗಾದ್ರೆ ನಾಳೆ ಪ್ರಾರ್ಥನೆಗೆ ಅರ್ಧ ಗಂಟೆ ಮುಂಚೆ ಬನ್ರೋ, ಭಿನ್ನರಾಶಿಯಿಂದ ಶುರು ಮಾಡೋಣ" ಅನ್ನುತ್ತೇನೆ. ಸಿನಿಮಾ ಇರಬಹುದು ಅಂತ ಬರುವವರೂ ಇದ್ದಾರೆ. ಅವರಿಗೂ ಲೆಕ್ಕ ಕೊಡುತ್ತೇನೆ.