‘ಯಾವ ರಕ್ತ?’ ಎಂದು ಗೆಳೆಯ ಕೇಳಿದಾಗ

ಸುವಾರ್ತೆ, ಅಂದರೆ ಯೇಸುವಿನ ವಿಷಯ, ಬೇರೆಯವರಿಗೆ ಹೇಳುವುದು ಪಾಸ್ಟರ್ ಕೆಲಸ ಅಂತಲೇ ನಾನು ಅಂದುಕೊಂಡಿದ್ದೆ. ಭಾನುವಾರ ಸಭೆಗೆ, ಅಂದರೆ ಚರ್ಚಿಗೆ, ಹೋಗಿ, ಹಾಡಿ, ಕಾಣಿಕೆ ಹಾಕಿದರೆ ನನ್ನ ಪಾಲಿನದು ಮುಗಿಯಿತು.

ಈ ನೆಮ್ಮದಿ ಕೆಡಿಸಿದ್ದು ಬೈಬಲಿನ ಅಪೊಸ್ತಲರ ಕೃತ್ಯಗಳು ಪುಸ್ತಕದ 8ನೇ ಅಧ್ಯಾಯ. ಯೇಸುವನ್ನು ನಂಬಿದ್ದ ಸ್ತೆಫನನನ್ನು ಕೊಂದ ಮೇಲೆ ಹಿಂಸೆ ಜಾಸ್ತಿಯಾಯಿತು. ಅಪೊಸ್ತಲರು, ಅಂದರೆ ಯೇಸು ಆರಿಸಿಕೊಂಡಿದ್ದ ಮುಖ್ಯ ಶಿಷ್ಯರು, ಯೆರೂಸಲೇಮಿನಲ್ಲೇ ಉಳಿದರು. ಚದುರಿ ಹೋದವರು ಮಿಕ್ಕ ವಿಶ್ವಾಸಿಗಳು, ಹೋದಲ್ಲೆಲ್ಲ ವಾಕ್ಯ ಸಾರಿದವರೂ ಅವರೇ. 11ನೇ ಅಧ್ಯಾಯದಲ್ಲಿ ಅಂತಿಯೋಕ್ಯದ ಗ್ರೀಕರಿಗೆ ಯೇಸುವಿನ ವಿಷಯ ತಿಳಿಸಿದವರಿಗಂತೂ ಹೆಸರೂ ಇಲ್ಲ. ಕುಪ್ರ, ಕುರೇನ್ಯದ ಕೆಲವರು, ಅಷ್ಟೇ. ನನ್ನಂಥವರೇ ಅಲ್ವಾ?

ಸರಿ, ಶುರು ಮಾಡಿದೆ. ಬೈಬಲಿನಲ್ಲಿ ರೋಮಾಪುರದವರಿಗೆ ಬರೆದ ಪತ್ರಿಕೆಯಿಂದ ಪಾಪ, ರಕ್ಷಣೆಯ ಬಗ್ಗೆ ಹೇಳುವ ನಾಲ್ಕು ವಚನ (3:23, 6:23, 5:8, 10:9) ಬಾಯಿಪಾಠ ಮಾಡಿಕೊಂಡು ಆಫೀಸಿನ ಗೆಳೆಯನನ್ನು ಹಿಡಿದೆ. ನಾನು ಒಂದೇ ಉಸಿರಿಗೆ ಹೇಳುತ್ತಿದ್ದೆ. ಅವನು ಫೋನನ್ನು ಮೇಜಿನ ಮೇಲೆ ಮಗುಚಿ ಇಟ್ಟ, ಮತ್ತೆ ತಿರುಗಿಸಿದ, ಮತ್ತೆ ಮಗುಚಿದ. ಎರಡನೇ ವಚನ ಮುಗಿಯುವಷ್ಟರಲ್ಲಿ ‘ಮೀಟಿಂಗ್ ಇದೆ’ ಅಂತ ಎದ್ದ. ಮೀಟಿಂಗ್ ಇರಲಿಲ್ಲ, ನನಗೆ ಗೊತ್ತು.

ಆಮೇಲೆ ಯೋಹಾನ 9ನೇ ಅಧ್ಯಾಯದಲ್ಲಿ ಯೇಸುವಿನಿಂದ ಕಣ್ಣು ಪಡೆದ ಹುಟ್ಟುಕುರುಡ ನನ್ನ ಮೇಷ್ಟ್ರಾದ. ‘ಯೇಸು ಪಾಪಿಯೋ ಅಲ್ಲವೋ ನನಗೆ ಗೊತ್ತಿಲ್ಲ, ನಾನು ಕುರುಡನಾಗಿದ್ದೆ, ಈಗ ಕಣ್ಣು ಕಾಣಿಸುತ್ತದೆ’ ಅಂದುಬಿಟ್ಟ ಅವನು. ನನ್ನ ಸಾಕ್ಷಿಯನ್ನೂ, ಅಂದರೆ ನಂಬಿದ ಮೇಲೆ ನನ್ನಲ್ಲಿ ಏನು ಬದಲಾಯಿತು ಅನ್ನುವುದನ್ನು, ಬರೆದು ನೋಡೋಣ ಅಂತ ಕುಳಿತೆ. ನಾಲ್ಕು ಪುಟ ಆಯಿತು. ಸಭೆಯ ಮುಖ ನೋಡದ ಇನ್ನೊಬ್ಬ ಗೆಳೆಯನಿಗೆ ಓದಿ ಹೇಳಿದೆ. ‘ರಕ್ತದಿಂದ ತೊಳೆಯಲ್ಪಟ್ಟೆ’ ಅನ್ನುವಲ್ಲಿ ಅವನು ತಡೆದ. ‘ಯಾವ ರಕ್ತ? ಆಪರೇಷನ್ ಆಗಿತ್ತಾ?’

ಇಬ್ಬರೂ ನಕ್ಕೆವು. ಆದರೆ ಅವತ್ತೇ ಸಭೆಯೊಳಗಿನ ಮಾತುಗಳನ್ನೆಲ್ಲ ಹೊಡೆದುಹಾಕಿದೆ. ಉಳಿದದ್ದು ಇಷ್ಟೇ: ‘ಅಪ್ಪನ ಜೊತೆ ಆರು ವರ್ಷ ಮಾತು ಬಿಟ್ಟಿದ್ದೆ. ನನ್ನ ತಪ್ಪುಗಳನ್ನು ಯೇಸು ತನ್ನ ಮೇಲೆ ಹೊತ್ತುಕೊಂಡು ಸತ್ತ, ನನ್ನನ್ನು ಕ್ಷಮಿಸಿದ ಅಂತ ನಂಬಿದ ಮೇಲೆ ಸಿಟ್ಟು ಇಟ್ಟುಕೊಂಡಿರಲು ಆಗಲಿಲ್ಲ. ನಾನೇ ಫೋನ್ ಮಾಡಿದೆ.’ ಹೇಳಲು ಎರಡು ನಿಮಿಷವೂ ಬೇಡ.

ಇದನ್ನೂ ಈಗ ಕೇಳಿದವರಿಗೆ ಮಾತ್ರ ಹೇಳುತ್ತೇನೆ. ನಿಮ್ಮ ನಿರೀಕ್ಷೆಗೆ ಕಾರಣ ಕೇಳಿದವರಿಗೆ ಮೃದುವಾಗಿ, ಮರ್ಯಾದೆಯಿಂದ ಉತ್ತರ ಕೊಡಿ ಅನ್ನುತ್ತದೆ 1 ಪೇತ್ರ 3:15. ಕೇಳುವ ತನಕ ಅವರ ಕಷ್ಟಸುಖ ಕೇಳಿಸಿಕೊಳ್ಳುವುದು. ‘ನಿಮಗೋಸ್ಕರ ಪ್ರಾರ್ಥನೆ ಮಾಡಲಾ?’ ಅಂದಾಗ ಬೇಡ ಅಂದರೆ ಬೇಡ. ನಂಬಿದರೆ ಸಾಲ ತೀರುತ್ತದೆ, ಕಾಯಿಲೆ ಹೋಗುತ್ತದೆ ಅಂತ ಆಸೆ ತೋರಿಸುವುದು ನನಗೆ ಸುಳ್ಳು ಹೇಳಿದ ಹಾಗೆಯೇ.

ಫೋನ್ ಮಗುಚಿದ್ದನಲ್ಲ, ಆ ಗೆಳೆಯ ಒಂದು ವರ್ಷದ ಮೇಲೆ ತಾನಾಗಿಯೇ ಬಂದ. ಅಪ್ಪನ ವಿಷಯ ಯಾರಿಂದಲೋ ಗೊತ್ತಾಗಿತ್ತು. ಅವನಿಗೂ ತಮ್ಮನ ಜೊತೆ ಮಾತಿರಲಿಲ್ಲ. ‘ಅಪ್ಪ ಫೋನ್ ಎತ್ತಿದಾಗ ನೀನು ಮೊದಲು ಏನಂದೆ?’ ಅಂತ ಕೇಳಿದ.

‘ಊಟ ಆಯ್ತಾ ಅಂದೆ.’

‘ಅಷ್ಟೇನಾ?’

‘ಅಷ್ಟೇ.’

ಅವನು ಇವತ್ತಿಗೂ ಸಭೆಗೆ ಬಂದಿಲ್ಲ. ತಮ್ಮನಿಗೆ ಫೋನ್ ಮಾಡಿದ, ನಾಲ್ಕು ನಿಮಿಷ ಮಾತಾಡಿದರಂತೆ. ಈಗ ನಾವಿಬ್ಬರೂ ಲೂಕ 15 ಓದುತ್ತಿದ್ದೇವೆ. ಮನೆಬಿಟ್ಟು ಹೋಗಿ ವಾಪಸ್ ಬಂದ ಕಿರಿಮಗನಿಗೆ ಔತಣ ಕೊಟ್ಟಿದ್ದು ಅನ್ಯಾಯ, ಹಿರಿಮಗ ಸಿಟ್ಟಾಗಿದ್ದೇ ಸರಿ ಅಂತ ವಾದ ಮಾಡುತ್ತಾನೆ. ಮುಂದಿನ ವಾರವೂ ಅದೇ ಅಧ್ಯಾಯ.