ಗೋಡೆಯಿಂದ ಕಿತ್ತುಬಂದ ಬಳ್ಳಿಯನ್ನು ಉಳಿಸಿಕೊಳ್ಳಬಹುದು

ಗಾಳಿಗೋ ಪೇಂಟಿಂಗ್ ಕೆಲಸಕ್ಕೋ ಗೋಡೆಯ ಬಳ್ಳಿ ಕಿತ್ತುಬಂದರೆ, ದಯವಿಟ್ಟು ಬುಡಸಮೇತ ತೆಗೆಯಬೇಡಿ. ಕಾಂಡದ ಸಿಪ್ಪೆಯನ್ನು ಉಗುರಿನಿಂದ ಸ್ವಲ್ಪ ಕೆರೆದು ನೋಡಿ. ಒಳಗೆ ಹಸಿರು, ತೇವ ಇದ್ದರೆ ಜೀವ ಇದೆ. ಕಂದಾಗಿ ಒಣಗಿದ್ದರೆ ಹಸಿರು ಸಿಗುವ ತನಕ ಕೆಳಗೆ ಕೆರೆಯುತ್ತಾ ಹೋಗಿ, ಅಲ್ಲೇ ಒಂದು ಗೆಣ್ಣಿನಿಂದ ಸ್ವಲ್ಪ ಮೇಲಕ್ಕೆ ಕತ್ತರಿಸಿ.

ಬೇರು ಊರಿ ಗೋಡೆ ಹತ್ತುವ ಬಳ್ಳಿಯಾದರೆ, ಬಿಟ್ಟುಹೋದ ಹಳೇ ಬೇರು ಮತ್ತೆ ಹಿಡಿಯುವುದಿಲ್ಲ. ಸುಮ್ನೆ ಒತ್ತಿ ಅಂಟಿಸಲು ಹೋಗಬೇಡಿ. ಜೋತಾಡುವ ಭಾಗವನ್ನು ಧೈರ್ಯವಾಗಿ ಕತ್ತರಿಸಿ, ಹೊಸ ಚಿಗುರು ತಾನೇ ಹಿಡಿದುಕೊಳ್ಳುತ್ತದೆ. ಉಳಿದ ಕಾಂಡವನ್ನು ಬಟ್ಟೆಯ ಪಟ್ಟಿಯಿಂದ ಗೋಡೆಗೆ ಬಿಗಿದ ತಂತಿಗೆ ಸಡಿಲವಾಗಿ ಕಟ್ಟಿ.

ಗೋಡೆಯ ಬುಡಕ್ಕೆ ಮಳೆ ನೀರೂ ಸರಿಯಾಗಿ ಬೀಳುವುದಿಲ್ಲ ಅಲ್ವಾ, ಹಾಗಾಗಿ ಮಣ್ಣು ಮುಟ್ಟಿ ನೋಡಿ, ಒಣಗಿದ್ದರೆ ಆಳಕ್ಕೆ ಇಳಿಯುವಂತೆ ನೀರು ಹಾಕಿ. ಚಿಗುರುವ ತನಕ ಗೊಬ್ಬರ ಬೇಡ.