ಆಟೋಕ್ರಾಸ್‌ಗೆ ಮೊದಲ ಸಲ ಹೋಗ್ತಿದ್ದೀರಾ? ಕಾರ್ ಆಮೇಲೆ, ಮೊದಲು ಕಾಲು!

ಅಮೆರಿಕಕ್ಕೆ ಬಂದ ನಮ್ಮ ಹುಡುಗ್ರು ಹಳೇ ಮಜ್ದಾ ಮಿಯಾಟಾ (ಎರಡೇ ಸೀಟಿನ ಪುಟ್ಟ ಸ್ಪೋರ್ಟ್ಸ್ ಕಾರು) ಒಂದು ತಗೊಂಡ್ರೆ ಮುಗೀತು, ಆರು ತಿಂಗಳಲ್ಲಿ ಆಟೋಕ್ರಾಸ್ ಹುಚ್ಚು ಹತ್ಕೊಳುತ್ತೆ. ಊರಲ್ಲಿ ಆಟೋಕ್ರಾಸ್ ಅಂದ್ರೆ ಮಣ್ಣು, ಧೂಳು. ಇಲ್ಲಿ ಖಾಲಿ ಪಾರ್ಕಿಂಗ್ ಲಾಟು, ತುಂಬ ಕಿತ್ತಳೆ ಬಣ್ಣದ ಕೋನು, ಅವುಗಳ ಮಧ್ಯೆ ಒಬ್ಬೊಬ್ರೇ ಓಡ್ಸೋ ಸುಮಾರು ಒಂದು ನಿಮಿಷದ ರನ್ನು, ಎದುರಾಳಿ ಅಂದ್ರೆ ಟೈಮರ್ ಒಂದೇ. ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕದವರು ಇದಕ್ಕೆ ಸೋಲೋ ಅಂತಾರೆ.

ಆನ್‌ಲೈನ್‌ನಲ್ಲಿ ಹೆಸರು ಕೊಡಿ. ಹೆಲ್ಮೆಟ್ ಇಲ್ದಿದ್ರೆ ಎಷ್ಟೋ ಕಡೆ ಅವರೇ ಕೊಡ್ತಾರೆ. ಡಿಕ್ಕಿ ಖಾಲಿ ಮಾಡಿ, ಫ್ಲೋರ್ ಮ್ಯಾಟ್ ತೆಗೀರಿ, ವೀಲ್ ನಟ್ ಟೈಟ್ ಇದೆಯಾ, ಬ್ಯಾಟರಿ ಅಲ್ಲಾಡ್ತಿದೆಯಾ ನೋಡ್ಕೊಳ್ಳಿ. ಸೀಟಿನ ಕೆಳಗೂ ಕೈ ಹಾಕಿ ನೋಡಿ, ನಾನು ನೋಡದೆ ಹೋಗಿ ಎರಡನೇ ತಿರುವಿಗೇ ಚಿತ್ರಾನ್ನದ ಡಬ್ಬಿ ಉರುಳ್ಕೊಂಡು ಬ್ರೇಕ್ ಪೆಡಲ್ ಹತ್ರ ಬಂದು ಕೂತಿತ್ತು. ಟೈರ್ ಫಳಫಳ ಹೊಳೀಲಿ ಅಂತ ಸ್ಪ್ರೇ ಹೊಡೀಬೇಡಿ, ಅದು ರಸ್ತೆ ಮುಟ್ಟೋ ಭಾಗಕ್ಕೆ ಬಿದ್ರೆ ಎಣ್ಣೆ ಸವರಿದ ಹಾಗೆ. ಹೊಸ ಗ್ರಿಪ್ ಟೈರೂ ಮೊದಲ ವರ್ಷ ಬೇಡ, ನಿಮ್ಮ ತಪ್ಪನ್ನೆಲ್ಲ ಅದು ಮುಚ್ಚಿಹಾಕುತ್ತೆ, ನೀವು ಕಲಿಯೋದೇ ಇಲ್ಲ.

ಈಗ ಅಸಲಿ ವಿಷಯ, ಕೋರ್ಸ್ ವಾಕ್. ರನ್ ಶುರುವಾಗೋಕೆ ಮುಂಚೆ ಕೋನುಗಳ ಮಧ್ಯೆ ನಡೆದು ದಾರಿ ನೋಡೋಕೆ ಬಿಡ್ತಾರೆ. ಹೊಸಬರು ಕಾಫಿ ಕಪ್ ಹಿಡ್ಕೊಂಡು, ಆಫೀಸ್ ಕಥೆ ಹೇಳ್ಕೊಂಡು ಒಂದು ಸುತ್ತು ಹಾಕಿ ಬಂದ್ಬಿಡ್ತಾರೆ, ಆಮೇಲೆ ಕಾರಲ್ಲಿ ಕೂತು ಮೂರನೇ ಗೇಟ್ (ಕೋನುಗಳ ಮಧ್ಯೆ ಹಾದು ಹೋಗ್ಬೇಕಾದ ಜಾಗ) ಎಲ್ಲಿದೆ ಅಂತ ಹುಡುಕ್ತಾರೆ. ಮೂರು ಸಲ ನಡೀರಿ. ಮೊದಲನೇದು ಬರೀ ದಾರಿ ಗೊತ್ತಾಗೋಕೆ: ಮಲಗಿರೋ ಕೋನಿನ ತುದಿ ನಿಂತಿರೋ ಕೋನಿನ ಯಾವ ಕಡೆಗೆ ಬೆರಳು ತೋರ್ಸುತ್ತೋ ಆ ಕಡೆಯಿಂದ ಹೋಗ್ಬೇಕು, ಅಷ್ಟೇ. ಎರಡನೇದಕ್ಕೆ ತಿರುವು ಬಂದಲ್ಲೆಲ್ಲ ನಿಂತು ಕೂತು ನೋಡಿ. ತಮಾಷೆ ಅಲ್ಲ, ನಿಜವಾಗ್ಲೂ ಕುಕ್ಕರಗಾಲಲ್ಲಿ ಕೂರಿ. ಮಿಯಾಟಾ ಸೀಟಿನ ಎತ್ತರ ಅಷ್ಟೇ ಇರೋದು, ನಿಂತಾಗ ಸ್ಪಷ್ಟವಾಗಿ ಕಂಡ ದಾರಿ ಅಲ್ಲಿಂದ ಒಂದಕ್ಕೊಂದು ಅಂಟ್ಕೊಂಡ ಕೋನುಗಳ ಗೋಡೆ ಥರ ಕಾಣುತ್ತೆ, ಅದರಲ್ಲಿ ಸಂದಿ ಎಲ್ಲಿ ಅಂತ ಈಗ್ಲೇ ಗುರುತು ಮಾಡ್ಕೊಳ್ಳಿ, ನೆಲದ ಬಿರುಕೋ ದೀಪದ ಕಂಬವೋ ಏನಾದ್ರೂ ಆಗ್ಬಹುದು. ಮೂರನೇ ಸಲ ಒಬ್ರೇ ಹೋಗಿ, ಸ್ನೇಹಿತರು ಕರೆದ್ರೂ ಬೇಡ. ಮುಗಿದ ಮೇಲೆ ಕಣ್ಣು ಮುಚ್ಚಿ ಪೂರ್ತಿ ಕೋರ್ಸ್ ಮನಸ್ಸಲ್ಲೇ ಓಡಿಸಿ, ಎಲ್ಲಿ ತಡವರಿಸ್ತೀರೋ ಅಲ್ಲಿಗೆ ವಾಪಸ್ ಹೋಗಿ.

ಓಡ್ಸೋವಾಗ ಹೊರಟ ಮೇಲೆ ಎರಡನೇ ಗೇರ್‌ಗೆ ಹಾಕಿ ಮರ್ತುಬಿಡಿ. ಕಾರು ನೆಟ್ಟಗಿದ್ದಾಗ್ಲೇ ಬ್ರೇಕ್ ಮುಗಿಸಿ ಆಮೇಲೆ ತಿರುಗ್ಸಿ, ತಿರುಗಿಸ್ತಾ ಗಾಬರಿಯಾಗಿ ಆಕ್ಸಿಲರೇಟರ್ ಬಿಟ್ರೆ ಹಿಂದಿನ ಚಕ್ರ ಜಾರಿ ಮುಂದೆ ಬರೋಕೆ ನೋಡುತ್ತೆ. ಕಣ್ಣು ಮಾತ್ರ ಮೂಗಿನ ಮುಂದಿನ ಕೋನ್ ಮೇಲಲ್ಲ, ಅದರಾಚೆ ಇರೋದರ ಮೇಲೆ. ನೀವು ಯಾವ ಕೋನ್ ದಿಟ್ಟಿಸ್ತೀರೋ ಕಾರು ಅದಕ್ಕೇ ಹೋಗಿ ಗುದ್ದುತ್ತೆ. ಇಂಡಿಯಾದಲ್ಲಿ ಡ್ರೈವಿಂಗ್ ಕಲಿತೋರಿಗೆ ಇನ್ನೊಂದು ಕಷ್ಟ: ಇಲ್ಲಿ ಎಡಗಡೆ ಕೂರ್ತೀವಲ್ಲ, ಬಲಗಡೆ ಎಷ್ಟು ಜಾಗ ಇದೆ ಅನ್ನೋ ಅಂದಾಜು ತಪ್ಪುತ್ತೆ, ನಾನು ಮೊದಲ ದಿನ ಕೆಡವಿದ ನಾಲ್ಕೂ ಕೋನ್ ಬಲಗಡೇದೇ. ಕೋನ್ ಕೆಡವಿದ್ರೆ ನಿಮ್ಮ ಟೈಮಿಗೆ ಸೆಕೆಂಡ್ ಲೆಕ್ಕದಲ್ಲಿ ದಂಡ ಸೇರ್ಸ್ತಾರೆ, ಗೇಟ್ ತಪ್ಪಿದ್ರೆ ಆ ರನ್ನೇ ಲೆಕ್ಕಕ್ಕಿಲ್ಲ. ಪಕ್ಕದ ಸೀಟಲ್ಲಿ ಇನ್‌ಸ್ಟ್ರಕ್ಟರ್ ಕೂತ್ಕೊಳ್ಳೋಕೆ ಒಪ್ಪಿದ್ರೆ ನಾಚ್ಕೋಬೇಡಿ, ಕರ್ಕೊಂಡು ಹೋಗಿ.

ರನ್ ಮುಗೀತು ಅಂತ ಮನೆಗೆ ಹೊರಡೋ ಹಾಗಿಲ್ಲ, ಬೇರೆಯವರು ಓಡ್ಸೋವಾಗ ಬಿದ್ದ ಕೋನ್ ಎತ್ತಿ ನಿಲ್ಸೋದು ನಿಮ್ಮ ಕೆಲಸ. ಬರೋ ಕಾರಿಗೆ ಬೆನ್ನು ಹಾಕ್ಬೇಡಿ, ಫೋನ್ ತೆಗೀಬೇಡಿ. ನೆಲದ ಮೇಲೆ ಕೋನ್ ಸುತ್ತ ಗೆರೆ ಎಳೆದಿರ್ತಾರೆ, ಸರಿಯಾಗಿ ಅದರೊಳಗೇ ಇಡಿ. ನೆರಳು ಅನ್ನೋದು ಇರಲ್ಲ, ಟೋಪಿ, ನೀರು ತಗೊಂಡು ಹೋಗಿ. ಅಲ್ಲಿ ನಿಂತಾಗ ಫಾಸ್ಟ್ ಇರೋರ ಬ್ರೇಕ್ ಲೈಟ್ ಎಲ್ಲಿ ಹತ್ತುತ್ತೆ ನೋಡ್ತಿರಿ, ನೀವು ಅಂದ್ಕೊಂಡಿದ್ದಕ್ಕಿಂತ ಮುಂಚೇನೇ ಹತ್ತಿರುತ್ತೆ.